ಮನೆಯ ಕಷಾಯ: ಆಯ್ಕೆ ಮತ್ತು ತಯಾರಿಕೆ

ಮತ್ತಿಗಿರಿಯ ಕನ್ನಡ ಮನೆಯವರು ಕಷಾಯದ ಸಾಮಗ್ರಿಯನ್ನು ಹೊಸೂರಿನ ಅಂಗಡಿಗಳಲ್ಲಿ ತಮಿಳು ಹೆಸರಿನಿಂದ ಕೇಳಬೇಕಾಗುವುದುಂಟು. ಒಣಶುಂಠಿ ಅಲ್ಲಿ ‘ಸುಕ್ಕು’, ಜೀರಿಗೆ ‘ಸೀರಗಂ’. ‘ಪೆರುಂಜೀರಗಂ’ ಎಂದರೆ ಸೋಂಪು, ಮೋಸಹೋಗಬಾರದು.

4 ಪಾಲು ಕೊತ್ತಂಬರಿ ಬೀಜ, 2 ಪಾಲು ಜೀರಿಗೆ, ಅರ್ಧ ಪಾಲು ಕರಿಮೆಣಸುಗಳನ್ನು ಬೆಚ್ಚಗೆ ಹುರಿದು, 1 ಪಾಲು ಒಣಶುಂಠಿಯೊಡನೆ ತರಿಯಾಗಿ ಕುಟ್ಟಿಡಿರಿ. ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ 5 ನಿಮಿಷ ಕುದಿಸಿದರೆ ಸಾಕು. ತುಳಸಿಯನ್ನು ಮಾತ್ರ ಕುದಿಸಬಾರದು. ಅದರ ಪರಿಮಳತೈಲ ಆವಿಯೊಡನೆ ಹಾರಿಹೋಗುವುದರಿಂದ, ಒಲೆಯಿಂದ ಇಳಿಸಿದ ಮೇಲೆ ಎಲೆ ಹಾಕಿ ಮುಚ್ಚಿಡಬೇಕು.

ಹಿರಿಯರು ಕೆಮ್ಮಿಗೆ ಕೊಡುತ್ತಿದ್ದ ಜ್ಯೇಷ್ಠಮಧುವಿನ ವಿಷಯದಲ್ಲಿ ಎಚ್ಚರ ಅಗತ್ಯ. ದಿನವೂ ಸೇವಿಸಿದರೆ ಅದರಲ್ಲಿರುವ ಗ್ಲಿಸಿರೈಜಿನ್ ದೇಹದ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡವನ್ನು ಏರಿಸಬಲ್ಲದು. ಅಧಿಕ ರಕ್ತದೊತ್ತಡವುಳ್ಳವರೂ ಗರ್ಭಿಣಿಯರೂ ಅದನ್ನು ಬಿಡುವುದೇ ಲೇಸು. ಅವರ ಲೋಟಕ್ಕೆ ಚೂರು ಬೆಲ್ಲ ಸಾಕು, ಸಕ್ಕರೆ ಕಾಯಿಲೆ ಇಲ್ಲದಿದ್ದರೆ.