ಸರ್ವರ್ ಅಪ್‌ಗ್ರೇಡ್ ಮತ್ತು ಹಳೆ ಕಂಪ್ಯೂಟರ್: ಮಾಡಬೇಕಾದ್ದು, ಮಾಡಬಾರದ್ದು

ಕಾಲೇಜು, ಗ್ರಂಥಾಲಯ, ಸಂಘ-ಸಂಸ್ಥೆಗಳಲ್ಲಿ ಸರ್ವರ್ ನೋಡಿಕೊಳ್ಳುವ ಎಲ್ಲರ ಗಮನಕ್ಕೆ. "ನಿಮಗೆ ಕಂಪ್ಯೂಟರ್ ಗೊತ್ತಲ್ವಾ" ಎಂಬ ಒಂದೇ ಕಾರಣಕ್ಕೆ ಈ ಕೆಲಸ ಹೆಗಲೇರಿದ ಲ್ಯಾಬ್ ಸಹಾಯಕರೂ ಗ್ರಂಥಪಾಲಕರೂ ಇದನ್ನು ಪೂರ್ತಿ ಓದಬೇಕು. ಉದಾಹರಣೆಗೆ ಹಿಡಿದಿರುವುದು ಡೆಬಿಯನ್ ಮೇಲೆ ಓಡುವ ಕೋಹಾ ಗ್ರಂಥಾಲಯ ತಂತ್ರಾಂಶವನ್ನು. ನಿಮ್ಮಲ್ಲಿ ಮೂಡಲ್ ಇರಲಿ, ಹಾಜರಿಯ ತಂತ್ರಾಂಶ ಇರಲಿ, ನಿಯಮ ಅದೇ.

ಮಾಡಬೇಕಾದ್ದು

ಅಪ್‌ಗ್ರೇಡ್‌ನ ತಾಲೀಮು ಮೊದಲು ಬೇರೆ ಯಂತ್ರದ ಮೇಲೆ ನಡೆಯಬೇಕು. ಇದಕ್ಕೆ ರಿಯಾಯಿತಿ ಇಲ್ಲ. ಹೊಸದನ್ನು ಕೊಳ್ಳಬೇಕಿಲ್ಲ, ಲ್ಯಾಬಿನ ಮೂಲೆಯಲ್ಲಿ ಮಾನಿಟರ್ ಕಳಕೊಂಡು ಕೂತಿರುವ ಡೆಸ್ಕ್‌ಟಾಪ್ ಸಾಕು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಕೆಡದ ಡಿಸ್ಕ್ ಇದ್ದರೆ ಆಯಿತು. ಅದಕ್ಕೆ ಹೊಸ ಡೆಬಿಯನ್ ಹಾಕಿ, ಕೋಹಾ ಹಾಕಿ. ಓಡುತ್ತಿರುವ ಸರ್ವರ್‌ನಲ್ಲಿ ಕೋಹಾ-ಡಂಪ್ ತೆಗೆದು, ತಂದು, ಇಲ್ಲಿ ಕೋಹಾ-ರಿಸ್ಟೋರ್ ಮಾಡಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಮರುಬಳಕೆ ಇಲ್ಲ. ಅದು ನಿಂತರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಓಡಿದರೆ ನಿಮ್ಮ ಬ್ಯಾಕಪ್ ಸರಿಯಿದೆ ಎಂಬುದು ಕಣ್ಣೆದುರೇ ತಿಳಿಯುತ್ತದೆ. ಒಮ್ಮೆಯೂ ರಿಸ್ಟೋರ್ ಮಾಡಿ ನೋಡದ ಫೈಲನ್ನು ಬ್ಯಾಕಪ್ ಎಂದು ಯಾವ ಕಡತದಲ್ಲೂ ಬರೆಯಬೇಡಿ.

ರಿಸ್ಟೋರ್‌ಗೆ ಮುಂಚೆಯೇ ತಾಲೀಮಿನ ಯಂತ್ರದಿಂದ ಇಮೇಲ್ ಹೊರಗೆ ಹೋಗದಂತೆ ನಿಲ್ಲಿಸಿ. ಮರೆತರೆ, ಆ ನಕಲು ಕೋಹಾ ರಾತ್ರೋರಾತ್ರಿ ಪುಸ್ತಕ ಬಾಕಿ ಇರುವ ಎಲ್ಲ ಓದುಗರಿಗೂ "ಪುಸ್ತಕ ವಾಪಸು ಕೊಟ್ಟಿಲ್ಲ" ಎಂದು ಪತ್ರ ಕಳಿಸಿಬಿಡುತ್ತದೆ. ಬೆಳಿಗ್ಗೆ ಕೌಂಟರಿನಲ್ಲಿ ಉತ್ತರ ಹೇಳಬೇಕಾದವರು ನೀವೇ.

ಇನ್ನು ಪರೀಕ್ಷೆ. ಲಾಗಿನ್ ಪುಟ ಬಂತು ಎಂದು ಕೈತೊಳೆದುಕೊಳ್ಳುವಂತಿಲ್ಲ. ಹುಡುಕಾಟದ ಇಂಡೆಕ್ಸನ್ನು ಹೊಸದಾಗಿ ಕಟ್ಟಿಸಿ. ಅದು ಮುಗಿಯುವವರೆಗೆ ಪುಸ್ತಕಗಳೇ ಇಲ್ಲವೇನೋ ಎಂಬಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಆಮೇಲೆ "ಕಾರಂತ" ಎಂದು ಹುಡುಕಿ. ಓಡುತ್ತಿರುವ ಸರ್ವರ್ ಎಷ್ಟು ಪುಸ್ತಕ ತೋರಿಸುತ್ತದೋ ಇದೂ ಅಷ್ಟೇ ತೋರಿಸಬೇಕು. ಒತ್ತಕ್ಷರ, ಅರ್ಕಾವೊತ್ತು ಇರುವ ಹೆಸರುಗಳನ್ನು ಬೇಕೆಂದೇ ಆರಿಸಿ ಹುಡುಕಿ. ಬಾರ್‌ಕೋಡ್ ಒತ್ತಿ ಒಂದು ಪುಸ್ತಕ ಕೊಡಿ, ವಾಪಸು ಪಡೆಯಿರಿ, ದಂಡದ ಲೆಕ್ಕ ಸರಿಬಂತೇ ನೋಡಿ. ಈ ಪರೀಕ್ಷೆಯನ್ನು ದಿನಾ ಕೌಂಟರಿನಲ್ಲಿ ಕೂರುವವರ ಕೈಯಲ್ಲೇ ಮಾಡಿಸಿ. ಸರ್ವರ್ ಕೂರಿಸಿದವರ ಕಣ್ಣಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಕನ್ನಡದ ಹಳೆಯ ದತ್ತಾಂಶ ಇದ್ದವರು ಇನ್ನೊಂದು ಕಡೆ ನಿಗಾ ಇಡಬೇಕು. ಯಾವ ಕಾಲದಲ್ಲೋ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟಿಗೆಂದು ಬರೆದುಕೊಟ್ಟ ಹಾಜರಿ ತಂತ್ರಾಂಶದ ಮೈಎಸ್‌ಕ್ಯುಎಲ್ ಟೇಬಲ್ಲುಗಳು ಲ್ಯಾಟಿನ್1 ಎಂದು ಹೇಳಿಕೊಂಡು ಒಳಗೆ ಯೂನಿಕೋಡ್ ಕನ್ನಡ ಇಟ್ಟುಕೊಂಡಿರುತ್ತವೆ. ಹಳೆ ಸರ್ವರಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಡಂಪ್ ತೆಗೆದು ಹೊಸದಕ್ಕೆ ಹಾಕಿದಾಗ ಒಂದೊಂದು ಕನ್ನಡ ಅಕ್ಷರದ ಜಾಗದಲ್ಲೂ ಮೂರು ಮೂರು ವಿಚಿತ್ರ ಚಿಹ್ನೆ ಬಂದು ಕೂರುತ್ತವೆ. ಹಾಗಾದರೆ ಡಂಪನ್ನು ಲ್ಯಾಟಿನ್1 ಎಂದೇ ಹೇಳಿ ಮತ್ತೆ ತೆಗೆದು, ಒಳಗೆ ಹಾಕುವಾಗ ಯುಟಿಎಫ್8 ಎಂದು ಹೇಳಬೇಕು. ಚಿಹ್ನೆಗಳನ್ನು ಕೈಯಲ್ಲಿ ತಿದ್ದಲು ಕೂರಬೇಡಿ. ಹಳೆ ಆವೃತ್ತಿಗೆ ಬರೆದ ಅದೇ ತಂತ್ರಾಂಶದ ಪಿಎಚ್‌ಪಿ ಕೋಡ್ ಕೂಡ ಹೊಸ ಆವೃತ್ತಿಯಲ್ಲಿ ತಕರಾರು ಮಾಡುತ್ತದೆ: ಡೆಬಿಯನ್ 11ರಲ್ಲಿದ್ದದ್ದು ಪಿಎಚ್‌ಪಿ 7.4, 12ರಲ್ಲಿ 8.2, 13ರಲ್ಲಿ 8.4.

ಅಪ್‌ಗ್ರೇಡ್ ದಿನ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋಗುವವರು ಟಿಮಕ್ಸ್ ಅಥವಾ ಸ್ಕ್ರೀನ್ ಒಳಗೆ ಕೆಲಸ ಶುರುಮಾಡಿ. ನಡುವೆ ಇಂಟರ್‌ನೆಟ್ ಕೈಕೊಟ್ಟರೂ ಕೆಲಸ ತಾನಾಗಿ ಮುಂದುವರಿಯುತ್ತದೆ. ಕೀಬೋರ್ಡು, ಮಾನಿಟರು ಯಂತ್ರದ ಹತ್ತಿರವೇ ಇರಲಿ; ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಸರ್ವರ್ ಜಾಲದಿಂದಲೇ ಮಾಯವಾದಾಗ ಅವೇ ಗತಿ. ಬೂಟ್ ವಿಭಾಗದಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿ, ಹಳೆಯ ಕರ್ನಲ್‌ಗಳನ್ನು ತೆಗೆಯಿರಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಹಿಂದಿನ ದಿನವೇ ಮುಖ್ಯ ಸ್ವಿಚ್ ಆರಿಸಿ ಪರೀಕ್ಷಿಸಿ.

ಮಾಡಬಾರದ್ದು

ಮೆಟ್ಟಿಲು ಹಾರಬಾರದು. ಡೆಬಿಯನ್ 11ರಿಂದ ನೇರ 13ಕ್ಕೆ ಜಿಗಿಯುವುದನ್ನು ಡೆಬಿಯನ್ ಬಳಗವೇ ಒಪ್ಪುವುದಿಲ್ಲ. 11ರಿಂದ 12, 12ರಿಂದ 13, ಒಂದೊಂದು ಹಂತಕ್ಕೂ ರೀಬೂಟ್, ಪರೀಕ್ಷೆ. ಬೇಸರವಾದರೆ ಹೊಸದಾಗಿ 13 ಹಾಕಿ ಡಂಪನ್ನು ರಿಸ್ಟೋರ್ ಮಾಡಿ. ನಾವು ಸಲಹೆ ಕೊಡುವುದೂ ಅದನ್ನೇ.

ಅವಧಿ ಮುಗಿದ ಓಎಸ್ಸನ್ನು "ಓಡ್ತಾ ಇದೆಯಲ್ಲ" ಎಂದು ಬಿಡಬಾರದು. ಸೆಂಟ್‌ಓಎಸ್ 7ರ ಕಾಲ 2024ರ ಜೂನ್ 30ಕ್ಕೆ ಮುಗಿಯಿತು. ವಿಂಡೋಸ್ ಸರ್ವರ್ 2012ರದ್ದು 2023ರ ಅಕ್ಟೋಬರ್ 10ಕ್ಕೆ. ಇವು ಓಡುತ್ತವೆ, ನಿಜ. ಭದ್ರತೆಯ ತೇಪೆ ಮಾತ್ರ ಬರುವುದಿಲ್ಲ.

ಪರೀಕ್ಷೆ, ಪ್ರವೇಶಾತಿ, ನ್ಯಾಕ್ ಭೇಟಿಯ ವಾರದಲ್ಲಿ ಅಪ್‌ಗ್ರೇಡ್ ಕೂಡದು. ಶುಕ್ರವಾರ ಸಂಜೆ ಶುರುಮಾಡಿ ಬಸ್ಸು ಹಿಡಿಯುವುದೂ ಕೂಡದು. ಪ್ರಾಂಶುಪಾಲರು ಅವಸರ ಮಾಡಿದರೆ ಈ ಹಾಳೆಯನ್ನು ಅವರ ಮೇಜಿನ ಮೇಲಿಡಿ.

ರೇಯ್ಡ್ ಇದೆ ಎಂದು ಬ್ಯಾಕಪ್ ಕೈಬಿಡಬಾರದು. ಒಂದು ಡಿಸ್ಕ್ ಸತ್ತರೆ ರೇಯ್ಡ್ ಕಾಪಾಡುತ್ತದೆ. ತಪ್ಪಾಗಿ ಅಳಿಸಿದ ಟೇಬಲ್ಲನ್ನು ಅದು ಎರಡೂ ಡಿಸ್ಕಿನಿಂದ ಶ್ರದ್ಧೆಯಿಂದ ಅಳಿಸುತ್ತದೆ.

ಆಯುಧಪೂಜೆಯ ದಿನ ಅರಿಸಿನ-ಕುಂಕುಮ ಸರ್ವರ್ ಕೋಣೆಯ ಬಾಗಿಲಿಗೆ ಸಾಕು. ಗಾಳಿ ಹೋಗುವ ಜಾಲರಿಯ ಮೇಲೆ ಹಚ್ಚಬೇಡಿ, ಒಳಗೆ ಊದುಬತ್ತಿ ಹಚ್ಚಬೇಡಿ. ಆ ಪುಡಿ ಫ್ಯಾನಿನ ದಾರಿಯಲ್ಲಿ ಹೀಟ್‌ಸಿಂಕಿಗೆ ಹೋಗಿ ಕೂರುತ್ತದೆ, ಮುಂದಿನ ಹಬ್ಬದವರೆಗೂ ಅಲ್ಲೇ ಇರುತ್ತದೆ.

ಹಳೆ ಯಂತ್ರವನ್ನು ಮತ್ತೆ ಬಳಸುವ ಮುನ್ನ

ಮುಚ್ಚಳ ಬಿಚ್ಚಿ, ಧೂಳು ಊದಿಸಿ, ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಆ ಬೋರ್ಡು ಬೇಡ. ಡಿಸ್ಕಿನ ಸ್ಮಾರ್ಟ್ ವರದಿ ತೆಗೆಯಿರಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಆ ಡಿಸ್ಕಿಗೆ ಡೇಟಾ ಹಾಕಬೇಡಿ. ಸಣ್ಣದೊಂದು ಸಾಟಾ ಎಸ್‌ಎಸ್‌ಡಿ ಹಾಕಿದರೆ ಹಳೆ ಯಂತ್ರಕ್ಕೆ ಜೀವ ಬರುತ್ತದೆ, ಖರ್ಚು ಮಾಡುವುದಿದ್ದರೆ ಅದಕ್ಕೇ ಮಾಡಿ.

ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಬದಲಿಸಿ. ಸಿಆರ್ 2032 ಎಂದರೆ ಗಡಿಯಾರದ ಅಂಗಡಿಯಲ್ಲೂ ಕೊಡುತ್ತಾರೆ. ಅದು ಸತ್ತ ಯಂತ್ರ ಪ್ರತಿ ಸಲ ಆನ್ ಮಾಡಿದಾಗಲೂ ತಾನು ಯಾವುದೋ ಹಳೆಯ ವರ್ಷದಲ್ಲಿದ್ದೇನೆ ಎಂದುಕೊಳ್ಳುತ್ತದೆ. ಆಗ ಆಪ್ಟ್ ಅಪ್‌ಡೇಟ್ ಕೊಟ್ಟರೆ "ಈ ಪಟ್ಟಿಯ ಅವಧಿ ಇನ್ನೂ ಶುರುವಾಗಿಲ್ಲ" ಎಂಬ ಅರ್ಥದ ದೂರು ಬರುತ್ತದೆ, ಸುರಕ್ಷಿತ ವೆಬ್ ಪುಟಗಳ ಪ್ರಮಾಣಪತ್ರವೂ ಸುಳ್ಳೆನ್ನಿಸುತ್ತದೆ. ಇಂಟರ್‌ನೆಟ್ ಕೊಟ್ಟವರ ಜೊತೆ ಜಗಳಕ್ಕೆ ನಿಲ್ಲುವ ಮುನ್ನ ತಾರೀಖು ನೋಡಿ.

ಎಲ್ಲ ಓಎಸ್ಸೂ ಎಲ್ಲ ಯಂತ್ರಕ್ಕೆ ಹತ್ತುವುದಿಲ್ಲ. ಡೆಬಿಯನ್ 13ಕ್ಕೆ 32 ಬಿಟ್‌ನ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ರೆಡ್‌ಹ್ಯಾಟ್ 10ಕ್ಕೆ ಎವಿಎಕ್ಸ್2 ಇರುವ ಪ್ರೊಸೆಸರೇ ಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್‌ವೆಲ್ ಪೀಳಿಗೆಯಿಂದ. ಅದಕ್ಕಿಂತ ಹಳತಿದ್ದರೆ ಡೆಬಿಯನ್ ಹಾಕಿ, ಇಲ್ಲವೇ ಆಲ್ಮಾಲಿನಕ್ಸ್ 10ರ ಹಳೆ ಪ್ರೊಸೆಸರ್‌ಗೆಂದೇ ಇರುವ ಪ್ರತ್ಯೇಕ ಆವೃತ್ತಿ ನೋಡಿ.

ದಾನಕ್ಕೆ ಬಂದ ಹಳೆ ರ‍್ಯಾಕ್ ಸರ್ವರನ್ನು ಖುಷಿಯಿಂದ ಒಪ್ಪಿಕೊಳ್ಳುವ ಮುನ್ನ ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ. ಸದಾ 100 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 2.4 ಯುನಿಟ್, ವರ್ಷಕ್ಕೆ 876 ಯುನಿಟ್ ತಿನ್ನುತ್ತದೆ. 15 ವ್ಯಾಟಿನ ಮಿನಿ ಪಿಸಿಗೆ ತಿಂಗಳಿಗೆ 11 ಯುನಿಟ್ ಸಾಕು. ತಾಲೀಮಿಗೆ, ವಾರಕ್ಕೊಮ್ಮೆ ಆನ್ ಮಾಡಿ ಬ್ಯಾಕಪ್ ತೆಗೆಯಲಿಕ್ಕೆ, ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲಿಕ್ಕೆ ಹಳೆ ಯಂತ್ರ ಇಟ್ಟುಕೊಳ್ಳಿ. ಸಂಬಳದ ಪಟ್ಟಿ, ಅಂಕಪಟ್ಟಿ, ಗ್ರಂಥಾಲಯದ ಮೂಲ ದತ್ತಾಂಶ ಅದರ ಮೇಲೆ ಕೂಡದು.

ಹೊರಗೆ ಕಳಿಸುವಾಗ

ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯಂತ್ರದಲ್ಲಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಜೊತೆಗಿಟ್ಟು ತೆಗೆದಿಡಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಹತ್ತು ವರ್ಷದ ನಡಾವಳಿಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಸಾಲದು. ತಿರುಗುವ ಡಿಸ್ಕಾದರೆ ಪೂರ್ತಿ ಮೇಲೆ ಬರೆದು ಅಳಿಸಿ. ಎಸ್‌ಎಸ್‌ಡಿಯಾದರೆ ಅದರದೇ ಸೆಕ್ಯೂರ್ ಇರೇಸ್ ಆಜ್ಞೆ ಬಳಸಿ. ತಾಲೀಮಿನ ಯಂತ್ರದ ಡಿಸ್ಕಿಗೂ ಇದೇ ನಿಯಮ, ಓದುಗರ ವಿಳಾಸ, ಫೋನ್ ನಂಬರುಗಳೆಲ್ಲ ಅದರಲ್ಲೂ ಇವೆ.

ತೂಕಕ್ಕೆ ಗುಜರಿಗೆ ಹಾಕುವುದು ನಿಷಿದ್ಧ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೇ ಕೊಡಿ. ಅವರಿಂದ ರಸೀದಿ ಪಡೆದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಆ ಯಂತ್ರದ ಸಾಲಿನ ಎದುರು ನಂಬರ್ ಬರೆದು ಸಹಿ ಹಾಕಿ. ಸಹಿ ಬೀಳುವವರೆಗೆ ಯಂತ್ರ ಗೇಟು ದಾಟಕೂಡದು.