ಮಾವಿನೆಲೆ ಸಿಗದ ಊರಿನ ತೋರಣ

ನಾರ್ತ್ ಕ್ಯಾರೊಲಿನಾದ ರಾಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಮಗಳು ಹಟ ಹಿಡಿದಳು. ಬೀದಿಯಲ್ಲಿ ಎಲ್ಲರ ಬಾಗಿಲಿಗೂ ಕ್ರಿಸ್ಮಸ್ಸಿನ ರೀತ್ ಎಂಬ ದುಂಡನೆಯ ಹಸಿರೆಲೆ ಹಾರ ಇದೆಯಂತೆ, ನಮ್ಮದು ಮಾತ್ರ ಬೋಳಂತೆ. ಅದೇನು ಮಹಾ ಎನಿಸಿತು. ನಮ್ಮೂರು ಸಾಗರದ ಮನೆಯಲ್ಲಿ ಹಬ್ಬ ಹಬ್ಬಕ್ಕೂ ತೋರಣ ಕಟ್ಟಿದ ಕೈ ಇದು, ಎಲೆ ಕಟ್ಟುವುದನ್ನು ಅಮೆರಿಕದವರಿಂದ ಕಲಿಯಬೇಕೇ? ಕಲಿಯಬೇಕಾಯಿತು. ಆರು ವರ್ಷ ಹಿಡಿಯಿತು.

ಎಲೆಗೆಂದು ಮೊದಲು ಕೈಯಿಟ್ಟದ್ದು ಹಿತ್ತಿಲ ಬೇಲಿಗೆ. ಲೇಲ್ಯಾಂಡ್ ಸೈಪ್ರೆಸ್ ಎನ್ನುವ ದಟ್ಟ ಗಿಡಗಳು, ಆಳೆತ್ತರ ದಾಟಿದ್ದವು. ದಾಸವಾಳ ಸವರಿದ ಹಾಗೆ ಸವರಿದೆ, ಯುಗಾದಿ ಹೊತ್ತಿಗೆ ಚಿಗುರುತ್ತದೆ ಬಿಡು ಅಂತ. ಚಿಗುರಲಿಲ್ಲ. ಈ ಗಿಡದ ಹಸಿರು ತುದಿಯನ್ನು ಎಷ್ಟು ಕತ್ತರಿಸಿದರೂ ಸರಿಯೇ. ಹಿಂದಿನ ಬೋಳು ಕಡ್ಡಿಗೆ ಕತ್ತರಿ ತಾಗಿತೋ, ಅಲ್ಲಿ ಮತ್ತೆ ಕಣ್ಣೊಡೆಯುವುದಿಲ್ಲ. ಆಗ ಬಿದ್ದ ಕಂಡಿ ಇವತ್ತಿಗೂ ಇದೆ. ಪಕ್ಕದ ಮನೆಯ ನಾಯಿ ಅದರಲ್ಲೇ ಓಡಾಡುತ್ತದೆ.

ಎರಡನೆಯ ತಪ್ಪು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮರುವರ್ಷ ಪೈನ್ ಕೊಂಬೆಗಳನ್ನು ತಂದು ಹಾರದಂತೆ ಕಟ್ಟಿ, ಒಳಗೆ ದೇವರ ಮಂಟಪದ ಸುತ್ತ ಇಳಿಬಿಟ್ಟಿದ್ದೆ. ಧನುರ್ಮಾಸ ಬೇರೆ. ನಸುಕಿನಲ್ಲಿ ಎದ್ದು ದೀಪ ಹಚ್ಚಿ, ಹುಗ್ಗಿಗೆ ಹೆಸರುಬೇಳೆ ಹುರಿಯಲು ಅಡುಗೆಮನೆಗೆ ತಿರುಗಿದ್ದೆನಷ್ಟೆ, ಹಿಂದೆ ಚಟಚಟ ಸದ್ದು. ಉದುರಿದ ನಾಲ್ಕು ಸೂಜಿ ಎಲೆ ದೀಪದ ಮೇಲೆ ಬಿದ್ದಿದ್ದವು. ಉರಿ ಗೇಣುದ್ದ ಎದ್ದಿತ್ತು, ಮೇಲಿನ ಕೊಂಬೆಯ ತುದಿ ಆಗಲೇ ಹೊಗೆಯಾಡುತ್ತಿತ್ತು. ತೀರ್ಥದ ತಂಬಿಗೆಯನ್ನೇ ಎತ್ತಿ ಸುರಿದೆ. ಕಟ್ಟಿ ಆರು ದಿನವೂ ಆಗಿರಲಿಲ್ಲ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

ಯಾಕೆ ಹೀಗಾಯಿತೆಂದು ಬಿಡಿಸಿ ಹೇಳಿದವರು ಪಕ್ಕದ ಮನೆಯ ಅಜ್ಜಿ. ಕೊಂಬೆ ಕತ್ತರಿಸಿದರೂ ಎಲೆ ನೀರು ಬಿಡುವುದನ್ನು ನಿಲ್ಲಿಸುವುದಿಲ್ಲ, ಕುಡಿಯುವುದಕ್ಕೆ ಮಾತ್ರ ಬೇರಿಲ್ಲ. ಮೇಲಿಂದ ನಮ್ಮ ಹೀಟರ್ ಹಗಲೂ ರಾತ್ರಿ ಒಣಗಾಳಿ ಊದುತ್ತಿರುತ್ತದೆ. ಅಜ್ಜಿ ಕೊಂಬೆಗಳ ಬುಡವನ್ನು ಓರೆಯಾಗಿ ಕತ್ತರಿಸಿ, ರಾತ್ರಿಯಿಡೀ ಸ್ನಾನದ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿಟ್ಟು, ನೀರು ಸೋರಿದ ಮೇಲೆಯೇ ತಂತಿಗೆ ಕಟ್ಟುತ್ತಿದ್ದರು. ಕಟ್ಟಿದ್ದನ್ನು ಒಳಗೆ ತರುತ್ತಿರಲಿಲ್ಲ. ಬಾಗಿಲಿಗೆ, ಜಗಲಿಯ ಕಂಬಕ್ಕೆ, ಅಷ್ಟೇ. ಚಳಿಯಲ್ಲಿ ಅದು ತಿಂಗಳು ಬಾಳುತ್ತಿತ್ತು.

ಅಲ್ಲಿಗೆ ನನ್ನ ಜಂಬ ಇಳಿಯಿತು. ಅಮ್ಮ ಕಟ್ಟುತ್ತಿದ್ದ ತೋರಣವೂ ತಲೆಬಾಗಿಲ ಹೊರಗೇ ಇರುತ್ತಿತ್ತಲ್ಲ! ದೀಪ ಒಳಗೆ, ಎಲೆ ಹೊರಗೆ. ಕಣ್ಣೆದುರಿಗಿದ್ದದ್ದನ್ನು ಹದಿಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಬಂದು, ಮಂಟಪಕ್ಕೆ ಬೆಂಕಿ ತಗುಲಿಸಿಕೊಂಡು ಕಲಿತೆ.

ಈಗ ಪೈನ್ ಬಿಟ್ಟಿದ್ದೇನೆ. ಈ ಸೀಮೆಯಲ್ಲಿ ಮ್ಯಾಗ್ನೋಲಿಯಾ ಧಾರಾಳ. ಎಲೆ ಅಂಗೈಗಿಂತ ಉದ್ದ, ಮೇಲೆ ಎಣ್ಣೆ ಸವರಿದಂಥ ಹಸಿರು, ಕೆಳಗೆ ಕಂದು ಮಖಮಲ್ಲು. ನಮ್ಮ ಸಂಪಿಗೆಯೂ ಇದೇ ಕುಲದ್ದು. ಸಸ್ಯಶಾಸ್ತ್ರದಲ್ಲಿ ಅದರ ಹೆಸರೇ ಮ್ಯಾಗ್ನೋಲಿಯಾ ಚಂಪಕ. ತೊಟ್ಟು ಗಟ್ಟಿ, ಮಡಿಚಿ ಕಡ್ಡಿ ಚುಚ್ಚಿದರೆ ಮಾವಿನೆಲೆಯಷ್ಟು ಸಲೀಸಾಗಿ ನಿಲ್ಲುವುದಿಲ್ಲ, ದಬ್ಬಳದಿಂದ ತೂತು ಮಾಡಿ ದಾರಕ್ಕೆ ಪೋಣಿಸಬೇಕು. ಒಣಗಿದರೂ ಮುದುಡಿ ಉದುರದೆ ತಾಮ್ರದ ಬಣ್ಣಕ್ಕೆ ತಿರುಗಿ ನಿಲ್ಲುತ್ತದೆ. ವಿಡಿಯೋದಲ್ಲಿ ನೋಡಿದ ಅಮ್ಮ, "ಏನೇ ಅದು, ಹಲಸಿನೆಲೆ ಕಟ್ಟಿದ್ದೀಯಾ?" ಅಂದರು. ಸಂಪಿಗೆಯ ನೆಂಟರು ಎಂದೆ. "ಹಂಗಾದ್ರೆ ಅಡ್ಡಿಯಿಲ್ಲ."

ಬಾಕ್ಸ್‌ವುಡ್ ಬಗ್ಗೆ ಹೆಚ್ಚೇನೂ ಹೇಳಲಾರೆ. ಚಂದದ ಪುಟ್ಟ ಎಲೆಯೆಂದು ಒಂದು ಕಟ್ಟು ತಂದೆ, ಸಂಜೆ ಕೆಲಸ ಮುಗಿಸಿ ಬಂದವರೇ ನಮ್ಮ ಯಜಮಾನರು "ಬೆಕ್ಕು ಎಲ್ಲಿ ಉಚ್ಚೆ ಹೊಯ್ದಿದೆ?" ಅಂತ ಸೋಫಾ ಎಳೆದಾಡಿದರು. ಆ ಗಿಡದ ಕೆಲವು ಜಾತಿಗಳ ವಾಸನೆಯೇ ಹಾಗೆ. ಹಾಲಿ ಎಂಬ ಮುಳ್ಳೆಲೆಯ ಕೆಂಪು ಹಣ್ಣು ಕಣ್ಣಿಗೆ ಹಬ್ಬ, ಆದರೆ ತಿಂದರೆ ಮಕ್ಕಳಿಗೂ ನಾಯಿಬೆಕ್ಕುಗಳಿಗೂ ವಾಂತಿ ಭೇದಿ. ಅಂಬೆಗಾಲಿಡುವ ಮಗುವಿದ್ದ ಮನೆಗೆ ಅದು ಬೇಡವೇ ಬೇಡ.

ಒಳಗೆ ಹಸಿರು ಬೇಕೇ ಬೇಕೆಂದರೆ ನೀರು ಕುಡಿಯುವಂಥದ್ದನ್ನೇ ಇಡಿ. ಕ್ರಿಸ್ಮಸ್ಸಿಗೆ ನಾವು ಪ್ರತಿವರ್ಷ ಇದೇ ರಾಜ್ಯದ ಪಶ್ಚಿಮದ ಬೆಟ್ಟಗಳಿಂದ ಬರುವ ಫ್ರೇಸರ್ ಫರ್ ಮರ ತರುತ್ತೇವೆ. ಅದು ಆಳೆತ್ತರ ಬರಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕು. ಅಷ್ಟು ಕಾಲ ಬೆಳೆದದ್ದನ್ನು ಹತ್ತು ದಿನಕ್ಕೆ ಒಣಗಿಸುವುದು ಪಾಪವೇ ಸರಿ. ಮಾರುವವನ ಹತ್ತಿರವೇ ಬುಡದಿಂದ ಒಂದು ಅಂಗುಲ ಕೊಯ್ಯಿಸಿಕೊಳ್ಳಿ, ಹಳೆಯ ಗಾಯ ಅಂಟಿನಿಂದ ಮುಚ್ಚಿಕೊಂಡಿದ್ದರೆ ಅದು ನೀರೆಳೆಯುವುದಿಲ್ಲ. ಮನೆಗೆ ಬಂದ ಕೂಡಲೇ ಸ್ಟ್ಯಾಂಡಿಗೆ ನೀರು ತುಂಬಿ. ನಮ್ಮದು ಮೊದಲ ದಿನವೇ ಸುಮಾರು 4 ಲೀಟರ್ ಕುಡಿಯಿತು. ಹೀಟರಿನ ಗಾಳಿಯಿಂದ 3 ಅಡಿಯಾದರೂ ದೂರವಿರಲಿ. ದೀಪ ಹಚ್ಚುವ ಮನೆಯವರು ದೀಪದಿಂದ ಇನ್ನೂ ದೂರ ಇಡಿ.