ಔಷಧಿ ಹೊಡೆದ ಮೇಲೆ ನುಸಿ ಹೆಚ್ಚುವುದೇಕೆ?

ಫೆಬ್ರವರಿಯಿಂದ ಮೇ ತನಕ, ಬಿಸಿಲು ಏರಿದಂತೆಲ್ಲ, ಅಡಿಕೆ ಸಸಿಗಳ ಗರಿ ಹಳದಿಗೆ ತಿರುಗಿ ಕ್ರಮೇಣ ಕಂಚಿನ ಬಣ್ಣಕ್ಕೆ ಬರುವುದನ್ನು ಸದಸ್ಯ ಬಾಂಧವರೆಲ್ಲ ಕಂಡಿದ್ದೀರಿ. ಗರಿಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು ನುಸಿಯೋ, ನವಿರಾದ ಬಲೆಯೊಳಗೆ ಬಿಳಿ ನುಸಿಯೋ ಗುಂಪುಗೂಡಿ ರಸ ಹೀರುತ್ತಿರುತ್ತವೆ. ಕಾಫಿ ಎಲೆಯ ಮೇಲ್ಭಾಗದಲ್ಲಿ ಕೂರುವ ಕೆಂಪು ಜೇಡನುಸಿಯೂ ಇವುಗಳ ನೆಂಟನೇ.

ಎರಡು ವರ್ಷದ ಹಿಂದೆ ನಮ್ಮ ಸಸಿಮಡಿಯಲ್ಲಿ ನಾವೇ ಮಾಡಿದ ತಪ್ಪನ್ನು ಹೇಳಿಬಿಡುತ್ತೇವೆ. ಎಲೆ ತಿನ್ನುವ ಹುಳು ಕಂಡಿತೆಂದು ಸೈಪರ್‌ಮೆಥ್ರಿನ್ ಹೊಡೆಸಿದೆವು. ಹುಳು ಸತ್ತಿತು. ಮೂರು ವಾರ ಕಳೆಯುವಷ್ಟರಲ್ಲಿ, ಅಲ್ಲಲ್ಲಿ ಮಾತ್ರ ಇದ್ದ ನುಸಿ ಇಡೀ ಮಡಿಯನ್ನು ಆವರಿಸಿತು. ಔಷಧಿ ಕಲಬೆರಕೆಯೆಂದು ಶಂಕಿಸಿದೆವು. ಔಷಧಿ ಸರಿಯಾಗಿಯೇ ಇತ್ತು.

ನುಸಿ ಕೀಟವಲ್ಲ, ಎಂಟು ಕಾಲಿನ, ಜೇಡನ ಬಳಗದ ಜೀವಿ. ಅನೇಕ ಕೀಟನಾಶಕಗಳಿಗೆ ಅದು ಪೂರ್ತಿ ಸಾಯದು. ಆದರೆ ಅದನ್ನು ತಿಂದು ಬದುಕುವ ಸ್ಟೆಥೋರಸ್ ಎಂಬ ಸಾಸಿವೆಗಿಂತ ಚಿಕ್ಕ ಕಪ್ಪು ಗುಲಗಂಜಿ ಹುಳು, ಆಂಬ್ಲಿಸಿಯಸ್ ಜಾತಿಯ ಪರಭಕ್ಷಕ ನುಸಿ, ಇವು ಅದೇ ಔಷಧಿಗೆ ಬೇಗ ಬಲಿಯಾಗುತ್ತವೆ. ಉಳಿದ ನುಸಿ ಒಡನೆಯೇ ಮೊಟ್ಟೆಯಿಡತೊಡಗುತ್ತದೆ. ಪರಭಕ್ಷಕಕ್ಕೋ ಮೊದಲು ಹೊಟ್ಟೆ ತುಂಬಬೇಕು, ಆಮೇಲೆ ಸಂತಾನ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಹೊಡೆದ ಅಮೆರಿಕದ ಸೇಬಿನ ತೋಟಗಳಲ್ಲಿಯೂ ಇದೇ ಆಯಿತು. ಇಮಿಡಾಕ್ಲೋಪ್ರಿಡ್ ಸಿಂಪಡಿಸಿದ ಮೇಲೆ ಕೆಲವು ಜೇಡನುಸಿಗಳು ಹೆಚ್ಚು ಮೊಟ್ಟೆಯಿಡುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ.

ಹಿಂದೆ ನುಸಿಗೆಂದೇ ಶಿಫಾರಸಾಗಿದ್ದ ಡೈಕೊಫಾಲ್ ಪರಭಕ್ಷಕ ನುಸಿಯನ್ನೂ ಕೊಲ್ಲುತ್ತಿತ್ತು. ಅದು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. 2023ರಲ್ಲಿ ನಮ್ಮ ದೇಶದಲ್ಲಿಯೂ ನಿಷೇಧವಾಯಿತು. ಅಟ್ಟದ ಮೇಲೆ ಹಳೆಯ ಡಬ್ಬಿ ಉಳಿದಿದ್ದರೆ ದಯವಿಟ್ಟು ಬಳಸಬೇಡಿ.

ಸಸಿಗಳಿಗೆ ನೆರಳು ಕಟ್ಟುವುದು, ಬೇಸಿಗೆಯಲ್ಲಿ ನೀರು ತಪ್ಪಿಸದಿರುವುದು, ತೀರಾ ಕೆಟ್ಟ ಗರಿಯನ್ನು ಕತ್ತರಿಸಿ ಸುಡುವುದು, ಗರಿಯ ಅಡಿಗೆ ರಭಸವಾಗಿ ನೀರು ಹಾಯಿಸುವುದು ಮೊದಲ ಕೆಲಸ. ನಂತರ ಭೂತಗನ್ನಡಿ ಹಿಡಿದು ನೋಡಿ. ಗುಂಪಾಗಿ ನಿಂತು ನಿಧಾನಕ್ಕೆ ಚಲಿಸುವುದು ಪೀಡೆಯ ನುಸಿ. ಮಸುಕು ಬಣ್ಣದ, ಹೊಳಪಿನ, ಸರಸರನೆ ಓಡಾಡುವುದು ನಮ್ಮ ಪಕ್ಷದ್ದು. ಓಡುವವು ಸಾಕಷ್ಟು ಕಂಡರೆ ಒಂದು ವಾರ ತಡೆಯಿರಿ. ಸಿಂಪಡಿಸಲೇಬೇಕಾದರೆ ನುಸಿ ಹಿಡಿದ ಸಸಿಗಳಿಗಷ್ಟೇ ಸಾಕು, ಇಡೀ ಮಡಿಗೆ ಬೇಡ. ಯಾವ ಔಷಧಿಯೆಂಬುದನ್ನು ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಔಷಧಿ ಮಾರುವ ಸಂಘದವರೇ ಹೀಗೆ ಬರೆಯಬಹುದೇ ಎಂದು ಒಬ್ಬ ನಿರ್ದೇಶಕರು ಕೇಳಿದರು. ಮಾರಾಟ ಕಡಿಮೆಯಾದರೆ ಆಗಲಿ ಎಂದೆವು. ಕಚೇರಿಯಲ್ಲಿ ಎರಡು ಭೂತಗನ್ನಡಿಗಳಿವೆ. ಗರಿಯ ತುಂಡನ್ನು ಕಾಗದದಲ್ಲಿ ಸುತ್ತಿ ತಂದರೆ ಒಟ್ಟಿಗೇ ನೋಡೋಣ.